ಲಾಭ ಶೇ 25 ಏರಿದೆ, ಇಪಿಎಸ್ ಏರಿದ್ದು ಶೇ 4 ಮಾತ್ರ. ಯಾಕೆ?

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಒಂದು ಕಂಪನಿಯ ವಾರ್ಷಿಕ ವರದಿ ಓದುತ್ತಿದ್ದೇನೆ. ಹೆಸರು ಬೇಡ. ಲೆಕ್ಕಕ್ಕೆ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಹೇಳ್ತೀನಿ. ಹೋದ ವರ್ಷದ ನಿವ್ವಳ ಲಾಭ 100 ಕೋಟಿ, ಈ ವರ್ಷ 125 ಕೋಟಿ. ಅಧ್ಯಕ್ಷರ ಪತ್ರದಲ್ಲಿ ಶೇ 25ರ ಬೆಳವಣಿಗೆ ಅಂತ ದೊಡ್ಡದಾಗಿ ಬರೆದಿದ್ದಾರೆ. ಆದರೆ ಲಾಭ-ನಷ್ಟ ಪಟ್ಟಿಯ ಕೊನೆಯ ಸಾಲಿಗೆ ಬಂದರೆ ಇಪಿಎಸ್, ಅಂದರೆ ಪ್ರತಿ ಷೇರಿನ ಗಳಿಕೆ, 10 ಇದ್ದದ್ದು 10.42 ಆಗಿದೆ, ಅಷ್ಟೆ. ಉಳಿದ ಬೆಳವಣಿಗೆ ಎಲ್ಲಿ ಹೋಯಿತು?

ಇನ್ನೊಂದು ಪ್ರಶ್ನೆ. ಅದೇ ವ್ಯವಹಾರದ ಮತ್ತೊಂದು ಕಂಪನಿಯ ಇಪಿಎಸ್ 120 ಇದೆ. ಅದು ಇದಕ್ಕಿಂತ ಹನ್ನೆರಡು ಪಟ್ಟು ಒಳ್ಳೆಯ ಕಂಪನಿ ಅಂತ ಅರ್ಥವೇ?

ಲೆಕ್ಕಪತ್ರ

ಬೆಳವಣಿಗೆ ಎಲ್ಲೂ ಹೋಗಿಲ್ಲ, ಹಂಚಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಇಪಿಎಸ್ ಅಂದರೆ ಒಂದು ಭಾಗಾಕಾರ. ಮೇಲೆ ಲಾಭ, ಕೆಳಗೆ ಷೇರುಗಳ ಸಂಖ್ಯೆ. ಪತ್ರಿಕೆಯವರು, ಅಧ್ಯಕ್ಷರು, ಟಿವಿಯವರು ಎಲ್ಲ ಮಾತಾಡುವುದು ಮೇಲಿನ ಅಂಕಿಯ ಬಗ್ಗೆ. ಷೇರುದಾರರಾದ ನಮಗೆ ಕೆಳಗಿನದೂ ಅಷ್ಟೇ ಮುಖ್ಯ.

125 ಕೋಟಿಯನ್ನು 10.42ರಿಂದ ಭಾಗಿಸಿ. ಸುಮಾರು 12 ಕೋಟಿ ಬರುತ್ತದೆ. ಹೋದ ವರ್ಷ ಆ ಜಾಗದಲ್ಲಿ 10 ಕೋಟಿ ಇತ್ತು. ವರದಿಯಲ್ಲಿ ಷೇರು ಬಂಡವಾಳದ ಟಿಪ್ಪಣಿ ಅಂತ ಇರುತ್ತದೆ. ವರ್ಷದ ಆರಂಭದಲ್ಲಿ ಎಷ್ಟು ಷೇರು, ನಡುವೆ ಎಷ್ಟು ಸೇರಿದವು, ಕೊನೆಗೆ ಎಷ್ಟು ಅಂತ ಒಂದು ಸಣ್ಣ ಪಟ್ಟಿ ಸಿಗುತ್ತದೆ. ಅದನ್ನು ನೋಡಿ ಇಲ್ಲಿ ಹಾಕಿ, ಮುಂದೆ ಮಾತಾಡೋಣ.

ಒಂದು ವಿಷಯ ಈಗಲೇ ಹೇಳಿಬಿಡ್ತೀನಿ. ಮೇಲಿನ ಅಂಕಿಯೂ ಪೂರ್ತಿ ಲಾಭ ಅಲ್ಲ. ಪ್ರಿಫರೆನ್ಸ್ ಷೇರುಗಳ (ಡಿವಿಡೆಂಡ್‌ನಲ್ಲಿ ಮೊದಲ ಹಕ್ಕು ಇರುವ ಷೇರುಗಳು) ಡಿವಿಡೆಂಡ್ ಕಳೆದು, ಅಂಗಸಂಸ್ಥೆಗಳಲ್ಲಿ ಹೊರಗಿನವರ ಪಾಲು ಕಳೆದು, ಸಾಮಾನ್ಯ ಷೇರುದಾರರಿಗೆ ಉಳಿದದ್ದನ್ನು ಮಾತ್ರ ಭಾಗಿಸುತ್ತಾರೆ.

ಹೊಸಚಿಗುರು

ಸಿಕ್ಕಿತು ಮೇಡಂ. ಆರಂಭದಲ್ಲಿ 10 ಕೋಟಿ ಷೇರು, ಕೊನೆಗೆ 14 ಕೋಟಿ. ವರ್ಷದ ಸರಿಯಾಗಿ ಮಧ್ಯದಲ್ಲಿ 4 ಕೋಟಿ ಹೊಸ ಷೇರು ಕೊಟ್ಟಿದ್ದಾರೆ. ಬೇರೊಂದು ಕಂಪನಿಯನ್ನು ಕೊಂಡುಕೊಂಡಿದ್ದಾರೆ, ಅದರ ಮಾಲೀಕರಿಗೆ ಹಣದ ಬದಲು ಷೇರು. ಆದರೆ 14 ಕೋಟಿ ಇರುವಾಗ 12 ಕೋಟಿಯಿಂದ ಯಾಕೆ ಭಾಗಿಸಿದರು?

ಲೆಕ್ಕಪತ್ರ

ಕಾಲಕ್ಕೆ ತಕ್ಕ ಸರಾಸರಿ. ಹೊಸ ಷೇರುಗಳು ಚಾಲ್ತಿಯಲ್ಲಿದ್ದದ್ದು ಅರ್ಧ ವರ್ಷ, ಹಾಗಾಗಿ 4 ಕೋಟಿಯ ಅರ್ಧ, 2 ಕೋಟಿ, ಲೆಕ್ಕಕ್ಕೆ ಬಂತು. ಲಾಭ ಇಡೀ ವರ್ಷ ಹರಿದು ಬಂದದ್ದು, ಆದ್ದರಿಂದ ಷೇರುಗಳನ್ನೂ ಇಡೀ ವರ್ಷದ ಸರಾಸರಿಯಲ್ಲೇ ಹಿಡಿಯಬೇಕು ಎನ್ನುವುದು ಐಎಎಸ್ 33 ಎಂಬ ಅಂತರರಾಷ್ಟ್ರೀಯ ಲೆಕ್ಕ ಮಾನದಂಡದ ನಿಯಮ. ಅದು 1997ರಲ್ಲಿ ಬಂತು. ಅದೇ ವರ್ಷ ಅಮೆರಿಕದವರೂ ತಮ್ಮ ನಿಯಮವನ್ನು ಬಹುಮಟ್ಟಿಗೆ ಇದಕ್ಕೆ ಹೊಂದಿಸಿಕೊಂಡರು.

ಈ ಸರಾಸರಿ ನ್ಯಾಯವಾದದ್ದೇ, ಆದರೆ ಹೊಸ ಷೇರುಗಳ ಪೂರ್ತಿ ಭಾರ ಈ ವರ್ಷದ ಇಪಿಎಸ್‌ನಲ್ಲಿ ಕಾಣುವುದಿಲ್ಲ. ಬರುವ ವರ್ಷ ಛೇದದಲ್ಲಿ 14 ಕೋಟಿ ಕೂರುತ್ತದೆ. ಲಾಭ 125 ಕೋಟಿಯಲ್ಲೇ ನಿಂತರೆ ಇಪಿಎಸ್ 8.93ಕ್ಕೆ ಇಳಿಯುತ್ತದೆ. 10.42 ಉಳಿಸಿಕೊಳ್ಳುವುದಕ್ಕೇ ಸುಮಾರು 146 ಕೋಟಿ ಲಾಭ ಬೇಕು. ಹಾಗಾಗಿ ಇಂದಿನ ಬೆಲೆಯನ್ನು ಹೋದ ವರ್ಷದ ಇಪಿಎಸ್‌ನಿಂದ ಭಾಗಿಸಿ ಪಿಇ ತೆಗೆಯುವ ಮುಂಚೆ, ಇಂದು ಎಷ್ಟು ಷೇರು ಇವೆ ಅಂತ ನೋಡಲೇಬೇಕು. ಪಿಇ ತಾನಾಗಿ ತೋರಿಸುವ ತಾಣಗಳು ಈ ವ್ಯತ್ಯಾಸವನ್ನು ಎತ್ತಿ ಹೇಳುವುದಿಲ್ಲ.

ನಿಧಾನನಡಿಗೆ

ಲೆಕ್ಕಪತ್ರ ಅವರು ಹೇಳಿದ್ದು ಸರಿ, ಆದರೆ ನಾಣ್ಯದ ಇನ್ನೊಂದು ಮುಖ ನೋಡದೆ ಹೊಸಚಿಗುರು ಅವರು ಗಾಬರಿಯಾಗಬಾರದು. ಹೊಸ ಷೇರು ಅರ್ಧ ವರ್ಷ ಮಾತ್ರ ಲೆಕ್ಕಕ್ಕೆ ಬಂದ ಹಾಗೆ, ಕೊಂಡುಕೊಂಡ ಕಂಪನಿಯ ಲಾಭವೂ ಅರ್ಧ ವರ್ಷದ್ದೇ ಸೇರಿರುತ್ತದೆ.

ಎರಡು ಸಾಧ್ಯತೆ ಇಟ್ಟು ನೋಡಿ. ಹಳೆಯ ವ್ಯವಹಾರ 100 ಕೋಟಿಯಲ್ಲೇ ಇದ್ದು, ಬಂದ ಕಂಪನಿ ಅರ್ಧ ವರ್ಷಕ್ಕೆ 25 ಕೋಟಿ ತಂದಿದ್ದರೆ, ಪೂರ್ತಿ ವರ್ಷಕ್ಕೆ 50 ತರಬಹುದು. 150 ಕೋಟಿಯನ್ನು 14 ಕೋಟಿಯಿಂದ ಭಾಗಿಸಿದರೆ 10.71. ಹಳೆಯ ಷೇರುದಾರರಿಗೆ ಸ್ವಲ್ಪ ಲಾಭವೇ. ಅದರ ಬದಲು ಹಳೆಯ ವ್ಯವಹಾರವೇ 125ಕ್ಕೆ ಬೆಳೆದು, ಬಂದ ಕಂಪನಿ ಏನೂ ಗಳಿಸದೆ ಕೂತಿದ್ದರೆ ಕಥೆಯೇ ಬೇರೆ. ಆಗ ಚೆನ್ನಾಗಿ ದುಡಿಯುತ್ತಿದ್ದ ವ್ಯವಹಾರದಲ್ಲಿ ಶೇ 28.6ರಷ್ಟು ಪಾಲನ್ನು, ಅಂದರೆ 14ರಲ್ಲಿ 4ನ್ನು, ಬರಿಗೈಯವರಿಗೆ ಬರೆದುಕೊಟ್ಟ ಹಾಗಾಯಿತು.

ಎರಡರಲ್ಲೂ ಈ ವರ್ಷದ ಇಪಿಎಸ್ 10.42 ಅಂತಲೇ ಅಚ್ಚಾಗುತ್ತದೆ! ಯಾವುದು ನಿಜ ಅಂತ ಊಹಿಸಬೇಕಾಗಿಲ್ಲ. ಸ್ವಾಧೀನದ ಟಿಪ್ಪಣಿ ಅಂತ ವರದಿಯ ಹಿಂಬದಿಯಲ್ಲಿ ಇರುತ್ತದೆ. ಕೊಂಡ ದಿನದಿಂದ ಆ ಕಂಪನಿ ಎಷ್ಟು ಆದಾಯ, ಎಷ್ಟು ಲಾಭ ತಂದಿತು, ವರ್ಷದ ಮೊದಲ ದಿನವೇ ಕೊಂಡಿದ್ದರೆ ಒಟ್ಟು ಎಷ್ಟಾಗುತ್ತಿತ್ತು ಎನ್ನುವುದನ್ನು, ಕಂಪನಿ ಕೊಳ್ಳುವುದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಫ್‌ಆರ್‌ಎಸ್ 3ರ ಪ್ರಕಾರ ಹೇಳಲೇಬೇಕು. ಷೇರು ಕೊಟ್ಟು ಕಂಪನಿ ಕೊಂಡ ಕಡೆಯಲ್ಲೆಲ್ಲ ನಾನು ಮೊದಲು ತೆರೆಯುವುದು ಆ ಪುಟವನ್ನೇ. ನಾವು ಎಷ್ಟು ಪಾಲು ಕೊಟ್ಟೆವು, ಎಷ್ಟು ಗಳಿಕೆ ಪಡೆದೆವು ಎನ್ನುವ ಒಂದು ಪ್ರಶ್ನೆಗೆ ಉತ್ತರ ಅಲ್ಲಿದೆ.

ಎರಡನೇಓದು

ಇಪಿಎಸ್ 120ರ ಪ್ರಶ್ನೆ ಹಾಗೇ ಉಳಿದಿದೆ, ನಾನು ತಗೋತೀನಿ. ಎರಡು ಕಂಪನಿಗಳ ಇಪಿಎಸ್ ಅನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದು ಕಂಪನಿ ತನ್ನನ್ನು ಎಷ್ಟು ಷೇರುಗಳಾಗಿ ಸೀಳಿಕೊಂಡಿದೆ ಎನ್ನುವುದು ಅದರ ಇಷ್ಟ. ಅದಕ್ಕೂ ವ್ಯವಹಾರದ ಗುಣಕ್ಕೂ ಸಂಬಂಧವಿಲ್ಲ.

ಅಮೆರಿಕದ ಬರ್ಕ್‌ಷೈರ್ ಹ್ಯಾಥವೇ ಕಂಪನಿ ನೋಡಿ. ಅದಕ್ಕೆ ಎ ವರ್ಗ, ಬಿ ವರ್ಗ ಅಂತ ಎರಡು ಬಗೆಯ ಷೇರು. 2010ರ ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಸೀಳುವುದು) ಆದ ಮೇಲೆ ಒಂದು ಬಿ ಷೇರಿನ ಆರ್ಥಿಕ ಪಾಲು ಎ ಷೇರಿನ 1,500ರಲ್ಲಿ ಒಂದು ಭಾಗ. ಕಂಪನಿ ಒಂದೇ, ಲಾಭ ಒಂದೇ, ನಡೆಸುವವರೂ ಅವರೇ. ಆದರೂ ಎರಡು ಇಪಿಎಸ್ ಪ್ರಕಟವಾಗುತ್ತದೆ, ಒಂದು ಇನ್ನೊಂದರ 1,500 ಪಟ್ಟು. ಎ ವರ್ಗ 1,500 ಪಟ್ಟು ಒಳ್ಳೆಯ ಕಂಪನಿ ಅಂತ ಯಾರಾದರೂ ಹೇಳುತ್ತಾರೆಯೇ?

ಇಪಿಎಸ್ ಅನ್ನು ಹೋಲಿಸಬೇಕಾದ್ದು ಅದೇ ಕಂಪನಿಯ ಹಿಂದಿನ ವರ್ಷಗಳ ಜತೆ, ಇಲ್ಲವೇ ಅದೇ ಷೇರಿನ ಬೆಲೆಯ ಜತೆ. 120 ಗಳಿಸುವ ಷೇರು 3,600ಕ್ಕೆ ಸಿಗುತ್ತಿದ್ದರೆ ಪಿಇ 30. 10 ಗಳಿಸುವ ಷೇರು 150ಕ್ಕೆ ಸಿಕ್ಕರೆ ಪಿಇ 15. ಮಾತು ಶುರುವಾಗುವುದು ಅಲ್ಲಿಂದ.

ಮುಂಗಾರುಮೋಡ

ನಾನೂ ಕೇಳಬೇಕೆಂದಿದ್ದೆ. ಹಳೆಯ ವಾರ್ಷಿಕ ವರದಿಗಳನ್ನು ಒಂದೊಂದಾಗಿ ತೆಗೆದು ಹತ್ತು ವರ್ಷದ ಇಪಿಎಸ್ ಅನ್ನು ಶೀಟ್‌ಗೆ ಹಾಕಿದೆ. ಚೆನ್ನಾಗಿ ಏರುತ್ತಾ ಬಂದದ್ದು ಒಂದು ವರ್ಷ ಇದ್ದಕ್ಕಿದ್ದಂತೆ ಅರ್ಧವಾಗಿದೆ. ಆ ವರ್ಷ 1:1 ಬೋನಸ್ ಕೊಟ್ಟಿದ್ದಾರೆ. ಬೋನಸ್ ಕೊಟ್ಟದ್ದರಿಂದ ಷೇರುದಾರರಿಗೆ ನಷ್ಟವಾಯಿತು ಅಂತಲೇ?

ಲೆಕ್ಕಪತ್ರ

ನಷ್ಟವೂ ಇಲ್ಲ, ಲಾಭವೂ ಇಲ್ಲ. ನಿಮ್ಮ ಕೈಲಿ ಒಂದರ ಬದಲು ಎರಡು ಷೇರು, ಪ್ರತಿಯೊಂದರ ಗಳಿಕೆ ಅರ್ಧ. ಕಂಪನಿಗೆ ಒಂದು ಪೈಸೆಯೂ ಹೊಸದಾಗಿ ಬಂದಿಲ್ಲ. ಅದಕ್ಕೇ ಬೋನಸ್‌ಗೂ ಸ್ಪ್ಲಿಟ್‌ಗೂ ಕಾಲದ ಸರಾಸರಿ ಅನ್ವಯಿಸುವುದಿಲ್ಲ. ವರ್ಷದ ಯಾವ ತಿಂಗಳಲ್ಲಿ ಕೊಟ್ಟರೂ, ತೋರಿಸುವ ಎಲ್ಲ ಹಿಂದಿನ ವರ್ಷಗಳಲ್ಲೂ ಆ ಷೇರುಗಳು ಮೊದಲಿನಿಂದಲೇ ಇದ್ದವು ಎಂದು ಹಿಡಿದು ಹಳೆಯ ಇಪಿಎಸ್ ಅನ್ನು ತಿದ್ದಿ ಕೊಡಬೇಕು. ಹೊಸ ವರದಿಯಲ್ಲಿ ಹಿಂದಿನ ವರ್ಷದ ಕಾಲಂ ನೋಡಿ, ತಿದ್ದಿದ ಅಂಕಿ ಇರುತ್ತದೆ. ಆದರೆ ನಿಮ್ಮ ಹಾಗೆ ಹಳೆಯ ವರದಿಯಿಂದಲೇ ಅಂಕಿ ಎತ್ತಿದರೆ ತಿದ್ದುವ ಕೆಲಸ ನಿಮ್ಮದು.

ಆಪಲ್ 2014ರಲ್ಲಿ ಒಂದಕ್ಕೆ ಏಳು, 2020ರಲ್ಲಿ ಒಂದಕ್ಕೆ ನಾಲ್ಕು ಸ್ಪ್ಲಿಟ್ ಮಾಡಿತು. 2014ಕ್ಕೆ ಮುಂಚಿನ ಒಂದು ಷೇರು ಈಗ 28. ಅಷ್ಟು ಹಳೆಯ ವರದಿಯ ಪ್ರತಿ ಷೇರಿನ ಅಂಕಿ ಏನೇ ಇರಲಿ, ಗಳಿಕೆ, ಡಿವಿಡೆಂಡ್, ಪುಸ್ತಕ ಮೌಲ್ಯ (ಷೇರುದಾರರ ನಿಧಿಯಲ್ಲಿ ಒಂದು ಷೇರಿನ ಪಾಲು) ಎಲ್ಲವನ್ನೂ 28ರಿಂದ ಭಾಗಿಸಿಯೇ ಇಂದಿನದರ ಪಕ್ಕ ಇಡಬೇಕು.

ರೈಟ್ಸ್, ಅಂದರೆ ಈಗಿರುವ ಷೇರುದಾರರಿಗೇ ಕಡಿಮೆ ಬೆಲೆಗೆ ಹೊಸ ಷೇರು ಕೊಡುವುದು, ಮಾತ್ರ ಸ್ವಲ್ಪ ಸಿಕ್ಕು. ಅದರಲ್ಲಿ ಹಣಕ್ಕೆ ಕೊಟ್ಟ ಷೇರು, ಬೋನಸ್ ಎರಡೂ ಬೆರೆತಿರುತ್ತವೆ. ಮಾರುಕಟ್ಟೆ ಬೆಲೆ 100 ಇರುವಾಗ ನಾಲ್ಕು ಷೇರಿಗೆ ಒಂದರಂತೆ 50ಕ್ಕೆ ಕೊಟ್ಟರು ಅನ್ನಿ. ನಾಲ್ಕು ಹಳೆಯದು 400, ಹೊಸದಕ್ಕೆ 50, ಒಟ್ಟು 450ಕ್ಕೆ ಐದು ಷೇರು. ಒಂದಕ್ಕೆ 90 ಬಿತ್ತು. 100ರಿಂದ 90ಕ್ಕೆ ಇಳಿದದ್ದು ಒಳಗೆ ಅಡಗಿರುವ ಬೋನಸ್. ಹಿಂದಿನ ವರ್ಷಗಳ ಇಪಿಎಸ್ ಅನ್ನು 0.9ರಿಂದ ಗುಣಿಸಿದರೆ ಹೋಲಿಕೆ ಸರಿಹೋಗುತ್ತದೆ.

ಎರಡನೇಓದು

ಹೊಸ ಷೇರು ಬಂದರೆ ಇಪಿಎಸ್ ಕುಗ್ಗುತ್ತದೆ ಅಂತಾಯಿತು. ಹಾಗಾದರೆ ಬೈಬ್ಯಾಕ್ ಮಾಡುವ, ಅಂದರೆ ತನ್ನ ಷೇರುಗಳನ್ನು ತಾನೇ ವಾಪಸ್ ಕೊಳ್ಳುವ ಕಂಪನಿಗಳನ್ನೇ ಹುಡುಕಬೇಕು ಎನ್ನುವುದು ನನ್ನ ವಾದ. ಆಪಲ್‌ನದ್ದೇ ಅಂಕಿ ಕೊಡ್ತೀನಿ. 2015ರ ಹಣಕಾಸು ವರ್ಷದಲ್ಲಿ ನಿವ್ವಳ ಲಾಭ 53.4 ಶತಕೋಟಿ ಡಾಲರ್, ಡೈಲ್ಯೂಟೆಡ್ ಇಪಿಎಸ್ (ಮುಂದೆ ಸೇರಬಹುದಾದ ಷೇರುಗಳನ್ನೂ ಹಿಡಿದು ತೆಗೆದದ್ದು) 9.22. 2019ರಲ್ಲಿ ಲಾಭ 55.3 ಶತಕೋಟಿ, ಇಪಿಎಸ್ 11.89. ಎರಡೂ 2020ರ ಸ್ಪ್ಲಿಟ್‌ಗೆ ಮುಂಚಿನ ಅಂಕಿಗಳು. ನಾಲ್ಕು ವರ್ಷದಲ್ಲಿ ಲಾಭ ಏರಿದ್ದು ಶೇ 3.5ರಷ್ಟು, ಇಪಿಎಸ್ ಏರಿದ್ದು ಶೇ 29ರಷ್ಟು. ಷೇರುಗಳ ಸರಾಸರಿ ಸಂಖ್ಯೆ 579 ಕೋಟಿಯಿಂದ 465 ಕೋಟಿಗೆ ಇಳಿದದ್ದೇ ಕಾರಣ. ಷೇರು ಮಾರದೆ ಸುಮ್ಮನೆ ಕೂತವರ ಪಾಲು ತಾನಾಗಿ ದೊಡ್ಡದಾಯಿತು.

ನಿಧಾನನಡಿಗೆ

ಆಪಲ್ ವಿಷಯದಲ್ಲಿ ಒಪ್ಪಿದೆ. ಆದರೆ ಅದನ್ನೇ ನಿಯಮ ಮಾಡಿಕೊಳ್ಳಬೇಡಿ, ದಯವಿಟ್ಟು. ಬೈಬ್ಯಾಕ್ ಒಳ್ಳೆಯದೋ ಕೆಟ್ಟದ್ದೋ ಎನ್ನುವುದನ್ನು ತೀರ್ಮಾನಿಸುವುದು ಕಂಪನಿ ಕೊಟ್ಟ ಬೆಲೆ.

100 ಕೋಟಿ ಲಾಭ, 10 ಕೋಟಿ ಷೇರು, ಇಪಿಎಸ್ 10 ಇರುವ ಕಂಪನಿ. ಕೈಲಿ 500 ಕೋಟಿ ನಗದು ಇದೆ, ತೆರಿಗೆ ಕಳೆದು ಶೇ 5ರಂತೆ ವರ್ಷಕ್ಕೆ 25 ಕೋಟಿ ಬಡ್ಡಿ ತರುತ್ತಿದೆ. ಆ 25 ಕೋಟಿ ಮೇಲಿನ 100ರ ಒಳಗೇ ಇದೆ. ಷೇರಿನ ಬೆಲೆ 500 ಇರುವಾಗ, ಅಂದರೆ ಪಿಇ 50ರಲ್ಲಿ, ಅಷ್ಟೂ ಹಣ ಹಾಕಿ ಬೈಬ್ಯಾಕ್ ಮಾಡಿತು. 1 ಕೋಟಿ ಷೇರು ಹೋಯಿತು, 25 ಕೋಟಿ ಬಡ್ಡಿಯೂ ಹೋಯಿತು. 75 ಕೋಟಿಯನ್ನು 9 ಕೋಟಿಯಿಂದ ಭಾಗಿಸಿದರೆ 8.33. ಷೇರು ಕಡಿಮೆಯಾಗಿಯೂ ಇಪಿಎಸ್ ಇಳಿಯಿತು. ಇದೇ ಷೇರು 100ಕ್ಕೆ ಸಿಗುತ್ತಿದ್ದಾಗ ಮಾಡಿದ್ದರೆ 5 ಕೋಟಿ ಷೇರು ಹೋಗಿ, 75ನ್ನು 5ರಿಂದ ಭಾಗಿಸಿ ಇಪಿಎಸ್ 15 ಆಗುತ್ತಿತ್ತು. ಇಪಿಎಸ್ ಏರದೆ ಇಳಿಯದೆ 10ರಲ್ಲೇ ನಿಲ್ಲುವ ಬೆಲೆ 200, ಅಂದರೆ ಪಿಇ 20. ಶೇ 5ರ ಬಡ್ಡಿಯೂ 20ರ ಪಿಇಯೂ ಒಂದೇ ಅಂಕಿಯ ಎರಡು ರೂಪ ಅಷ್ಟೆ.

ಅಪಾಯ ಇರುವುದು ಬಡ್ಡಿ ತೀರಾ ಕಡಿಮೆ ಇದ್ದಾಗ. ಶೇ 1ರ ಬಡ್ಡಿ ತರುವ ಹಣ ಹಾಕಿ ಪಿಇ 60ರಲ್ಲಿ ಕೊಂಡರೂ ಇಪಿಎಸ್ ಏರುತ್ತದೆ. ಇಪಿಎಸ್ ಏರಿತು ಎಂದಮಾತ್ರಕ್ಕೆ ಹಣ ಸರಿಯಾದ ಕಡೆ ಹೋಯಿತು ಅಂತಲ್ಲ. ಅಧಿಕಾರಿಗಳ ಸಂಭಾವನೆಯನ್ನು ಇಪಿಎಸ್ ಗುರಿಗೆ ಕಟ್ಟಿಹಾಕಿದ ಕಂಪನಿಗಳಲ್ಲಿ ನಾನು ಇದನ್ನು ಇನ್ನೂ ಹುಷಾರಾಗಿ ನೋಡುತ್ತೇನೆ.

ಬೆಲೆ ನೋಡಿ ಮಾಡಿದವರ ಉದಾಹರಣೆ ಬೇಕೆಂದರೆ ಅಮೆರಿಕದ ಟೆಲಿಡೈನ್ ಕಂಪನಿಯನ್ನು ನಡೆಸುತ್ತಿದ್ದ ಹೆನ್ರಿ ಸಿಂಗಲ್ಟನ್. 1960ರ ದಶಕದಲ್ಲಿ ತಮ್ಮ ಷೇರಿಗೆ ಮಾರುಕಟ್ಟೆ ದುಬಾರಿ ಬೆಲೆ ಕೊಡುತ್ತಿದ್ದಾಗ ಷೇರು ಕೊಟ್ಟು ಕಂಪನಿಗಳನ್ನು ಕೊಂಡರು. ಬೆಲೆ ಬಿದ್ದ ಮೇಲೆ 1972ರಿಂದ 1984ರವರೆಗೆ ಸುಮಾರು ಶೇ 90ರಷ್ಟು ಷೇರುಗಳನ್ನು ವಾಪಸ್ ಕೊಂಡರು. ಷೇರು ಹೆಚ್ಚಿಸಿದ್ದೂ ಅವರೇ, ಇಳಿಸಿದ್ದೂ ಅವರೇ, ಎರಡರಲ್ಲೂ ಹಳೆಯ ಷೇರುದಾರರಿಗೆ ಒಳ್ಳೆಯದಾಯಿತು. ಎರಡನೇಓದು ಅವರ ವಾದದಲ್ಲಿ ನನಗೆ ಕಾಣದ್ದು ಈ ಬೆಲೆಯ ಪ್ರಶ್ನೆ.

ಎರಡನೇಓದು

ಸರ್, 75ನ್ನು 9ರಿಂದ ಭಾಗಿಸಿದ ಲೆಕ್ಕ ನೋಡಿದ ಮೇಲೆ ವಾದ ಮುಂದುವರಿಸುವುದಿಲ್ಲ. ಹಾಗಾದರೆ ಪುಸ್ತಕ ಮೌಲ್ಯಕ್ಕೂ ಇದೇ ಮಾತು ಅನ್ವಯಿಸುತ್ತದಲ್ಲವೇ? ಪ್ರತಿ ಷೇರಿನ ಪುಸ್ತಕ ಮೌಲ್ಯ ವರ್ಷ ವರ್ಷ ಏರುತ್ತಿದ್ದರೆ ಭದ್ರ ಕಂಪನಿ ಅಂತ ನಂಬಿದ್ದೆ.

ನಿಧಾನನಡಿಗೆ

ಅನ್ವಯಿಸುತ್ತದೆ, ಆದರೆ ದಿಕ್ಕು ಬೇರೆ. ಷೇರುದಾರರ ನಿಧಿ 400 ಕೋಟಿ, ಷೇರು 10 ಕೋಟಿ, ಪುಸ್ತಕ ಮೌಲ್ಯ 40. ಮಾರುಕಟ್ಟೆಯಲ್ಲಿ ಬೆಲೆ 100. ಕಂಪನಿ 2 ಕೋಟಿ ಹೊಸ ಷೇರು ಮಾರಿ 200 ಕೋಟಿ ಎತ್ತಿತು. ಈಗ 600 ಕೋಟಿಗೆ 12 ಕೋಟಿ ಷೇರು, ಪುಸ್ತಕ ಮೌಲ್ಯ 50. ವ್ಯವಹಾರದಿಂದ ಒಂದು ರೂಪಾಯಿ ದುಡಿಯದೆ ಶೇ 25 ಏರಿತು. ಪ್ರತಿ ವರ್ಷ ಹೀಗೆ ಬಂಡವಾಳ ಎತ್ತುತ್ತಲೇ ಇರುವ ಸಾಲ ನೀಡುವ ಸಂಸ್ಥೆಗಳಲ್ಲಿ ಈ ಏರಿಕೆ ಬಹಳ ಅಂದವಾಗಿ ಕಾಣುತ್ತದೆ. ಅಲ್ಲಿ ಏರಿಕೆಯನ್ನು ಎರಡಾಗಿ ಬಿಡಿಸಬೇಕು. ದುಡಿದು ಉಳಿಸಿದ್ದರಿಂದ ಎಷ್ಟು, ದುಬಾರಿಗೆ ಷೇರು ಮಾರಿದ್ದರಿಂದ ಎಷ್ಟು.

ಬೈಬ್ಯಾಕ್‌ನಲ್ಲಿ ಇದು ತಿರುಗುಮುರುಗು. ಪುಸ್ತಕ ಮೌಲ್ಯಕ್ಕಿಂತ ಮೇಲಿನ ಬೆಲೆಗೆ ವಾಪಸ್ ಕೊಂಡಾಗ, ಆ ಬೆಲೆ ನಿಜವಾದ ಮೌಲ್ಯಕ್ಕಿಂತ ಅಗ್ಗವೇ ಆಗಿದ್ದರೂ ಪ್ರತಿ ಷೇರಿನ ಪುಸ್ತಕ ಮೌಲ್ಯ ಇಳಿಯುತ್ತದೆ. ದಶಕಗಳ ಕಾಲ ಇದೇ ಅಳತೆಯನ್ನು ವಾರ್ಷಿಕ ಪತ್ರದ ತಲೆಯ ಮೇಲೆ ಇಟ್ಟಿದ್ದ ಬರ್ಕ್‌ಷೈರ್, 2019ರ ಫೆಬ್ರವರಿಯ ಪತ್ರದಲ್ಲಿ ಅದನ್ನು ಕೈಬಿಡುತ್ತಿದ್ದೇವೆ ಎಂದಿತು. ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಹೊಸಚಿಗುರು

ಇಷ್ಟೆಲ್ಲ ತಿರುವು ಇದ್ದರೆ ಪ್ರತಿ ಷೇರಿನ ನಗದು ಹರಿವು ನೋಡುವುದೇ ವಾಸಿಯಲ್ಲವೇ? ನಗದನ್ನು ಯಾರೂ ತಿರುಚಲಾರರು ಅಂತ ಓದಿದ್ದೆ.

ಲೆಕ್ಕಪತ್ರ

ನೋಡಬೇಕು, ಖಂಡಿತ. ಆದರೆ ಅದು ಇಪಿಎಸ್‌ಗೆ ಬದಲಿ ಅಲ್ಲ. ಅಮೆರಿಕದಲ್ಲಿ 1987ರಲ್ಲಿ ನಗದು ಹರಿವಿನ ಪಟ್ಟಿಯನ್ನು ಕಡ್ಡಾಯ ಮಾಡಿದಾಗಲೇ, ಹಣಕಾಸು ಪಟ್ಟಿಗಳಲ್ಲಿ ಪ್ರತಿ ಷೇರಿನ ನಗದು ಹರಿವನ್ನು ತೋರಿಸಕೂಡದು ಅಂತಲೂ ಬರೆದರು. ಓದುವವರು ಅದನ್ನು ಷೇರುದಾರರಿಗೆ ಸಂದ ಗಳಿಕೆ ಎಂದುಕೊಂಡಾರು ಎನ್ನುವ ಆತಂಕ. ಅದು ಸರಿಯಾದ ಆತಂಕವೇ. ಸಾಮಗ್ರಿ ಕೊಟ್ಟವರಿಗೆ ಮೂರು ತಿಂಗಳು ಹಣ ತಡಮಾಡಿದರೆ ಆ ವರ್ಷದ ನಗದು ಹರಿವು ಉಬ್ಬುತ್ತದೆ, ಮುಂದಿನ ವರ್ಷ ಅಷ್ಟೇ ಸೊರಗುತ್ತದೆ.

ನಾನು ಮಾಡುವುದು ಹೀಗೆ. ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡಗಳಿಗೆ ಹಾಕಿದ್ದನ್ನು ಕಳೆದು, ಐದು ವರ್ಷದ್ದನ್ನು ಒಟ್ಟು ಕೂಡಿಸಿ, ಅದೇ ಐದು ವರ್ಷದ ಲಾಭದ ಪಕ್ಕ ಇಡುತ್ತೇನೆ. ಎರಡೂ ಹತ್ತಿರ ಹತ್ತಿರ ಇದ್ದರೆ ಇಪಿಎಸ್ ಮೇಲೆ ವಿಶ್ವಾಸ ಬರುತ್ತದೆ. ಲಾಭ ಏರುತ್ತಾ ನಗದು ಬಾರದೆ ಇದ್ದರೆ, ಗ್ರಾಹಕರಿಂದ ಬರಬೇಕಾದ ಬಾಕಿಯ ಸಾಲನ್ನು ನೋಡಿ.

ಮುಂಗಾರುಮೋಡ

ನನ್ನದೊಂದು ಕೊನೆಯ ಪ್ರಶ್ನೆ. ಬೇಸಿಕ್, ಡೈಲ್ಯೂಟೆಡ್ ಅಂತ ಎರಡು ಇಪಿಎಸ್ ಇರುತ್ತವೆ. ನಾನು ನೋಡುತ್ತಿರುವ ಹೊಸ ತಂತ್ರಜ್ಞಾನ ಕಂಪನಿಯಲ್ಲಿ ಎರಡೂ ಒಂದೇ: ಷೇರಿಗೆ 4 ನಷ್ಟ. ನೌಕರರಿಗೆ ಆಪ್ಷನ್‌ಗಳನ್ನು (ಮೊದಲೇ ನಿಗದಿಯಾದ ಬೆಲೆಗೆ ಮುಂದೆ ಷೇರು ಪಡೆಯುವ ಹಕ್ಕು) ಧಾರಾಳವಾಗಿ ಕೊಟ್ಟಿದ್ದಾರೆ ಅಂತ ಗೊತ್ತು. ಹಾಗಿದ್ದೂ ವ್ಯತ್ಯಾಸ ಯಾಕಿಲ್ಲ?

ಲೆಕ್ಕಪತ್ರ

ಒಳ್ಳೆಯ ಕಡೆ ಕಣ್ಣು ಹಾಕಿದ್ದೀರಿ. ಮೊದಲು ಲಾಭದಲ್ಲಿರುವ ಕಂಪನಿಯದ್ದು ನೋಡೋಣ. 100 ಕೋಟಿ ಲಾಭ, 10 ಕೋಟಿ ಷೇರು, ಜತೆಗೆ 40ಕ್ಕೆ ಒಂದು ಷೇರು ಪಡೆಯಬಹುದಾದ 1 ಕೋಟಿ ಆಪ್ಷನ್. ವರ್ಷದ ಸರಾಸರಿ ಬೆಲೆ 100. ನೌಕರರು ಕೊಡುವ 40 ಕೋಟಿಯಲ್ಲಿ ಕಂಪನಿ ಮಾರುಕಟ್ಟೆಯಿಂದ 40 ಲಕ್ಷ ಷೇರು ಕೊಳ್ಳಬಹುದಿತ್ತು ಎಂದು ಹಿಡಿಯುತ್ತಾರೆ. ಉಳಿದ 60 ಲಕ್ಷ ಬಿಟ್ಟಿ ಷೇರು. ಛೇದ 10.6 ಕೋಟಿ, ಡೈಲ್ಯೂಟೆಡ್ ಇಪಿಎಸ್ 9.43. ಬೆಲೆ 200ಕ್ಕೆ ಏರಿದರೆ ಬಿಟ್ಟಿ ಷೇರು 80 ಲಕ್ಷವಾಗುತ್ತದೆ. ಷೇರು ಬೆಲೆ ಏರಿದಷ್ಟೂ ಈ ಅಂತರ ಅಗಲವಾಗುತ್ತದೆ ಎನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ. ಷೇರಾಗಿ ಬದಲಾಗುವ ಸಾಲಪತ್ರಗಳಿದ್ದರೆ ಛೇದಕ್ಕೆ ಆ ಷೇರುಗಳನ್ನು ಸೇರಿಸಿ, ಮೇಲೆ ತೆರಿಗೆ ಕಳೆದ ಬಡ್ಡಿಯನ್ನು ಮರಳಿ ಕೂಡಿಸುತ್ತಾರೆ.

ಈಗ ನಷ್ಟದ ಕಂಪನಿ. 40 ಕೋಟಿ ನಷ್ಟ, 10 ಕೋಟಿ ಷೇರು, ಷೇರಿಗೆ 4 ನಷ್ಟ. ಆಪ್ಷನ್‌ಗಳನ್ನು ಸೇರಿಸಿ 12 ಕೋಟಿಯಿಂದ ಭಾಗಿಸಿದರೆ ನಷ್ಟ 3.33ಕ್ಕೆ ಇಳಿದು ಸ್ಥಿತಿ ಸುಧಾರಿಸಿದ ಹಾಗೆ ಕಾಣುತ್ತದೆ. ಚಿತ್ರವನ್ನು ಚೆಂದ ಮಾಡುವ ಷೇರುಗಳನ್ನು ಡೈಲ್ಯೂಟೆಡ್ ಲೆಕ್ಕಕ್ಕೆ ಸೇರಿಸುವಂತಿಲ್ಲ, ಆದ್ದರಿಂದ ಅವನ್ನು ಬಿಡುತ್ತಾರೆ, ಎರಡೂ ಇಪಿಎಸ್ ಒಂದೇ ಆಗುತ್ತದೆ. ನಿಯಮ ಸರಿ, ಆದರೆ ಇದರಿಂದ ಎಲ್ಲಕ್ಕಿಂತ ಹೆಚ್ಚು ಆಪ್ಷನ್ ಹಂಚುವ ಕಂಪನಿಗಳಲ್ಲೇ ಅವುಗಳ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಕಂಪನಿ ಲಾಭಕ್ಕೆ ತಿರುಗಿದ ವರ್ಷ ಅವುಗಳ ಬಿಟ್ಟಿ ಷೇರುಗಳು ಒಟ್ಟಿಗೆ ಛೇದಕ್ಕೆ ಇಳಿಯುತ್ತವೆ.

ಇಪಿಎಸ್ ಟಿಪ್ಪಣಿಯ ಕೊನೆಯಲ್ಲಿ, ಈ ವರ್ಷ ಲೆಕ್ಕಕ್ಕೆ ತೆಗೆದುಕೊಳ್ಳದ ಆದರೆ ಮುಂದೆ ಇಪಿಎಸ್ ಕುಗ್ಗಿಸಬಹುದಾದವು ಯಾವುವು ಎಂದು ಬರೆದಿರಬೇಕು. ನೌಕರರ ಆಪ್ಷನ್ ಟಿಪ್ಪಣಿಯಲ್ಲಿ ಬಾಕಿ ಇರುವ ಸಂಖ್ಯೆಯೂ ಅವುಗಳ ಸರಾಸರಿ ಬೆಲೆಯೂ ಇರುತ್ತದೆ. ಆ ಸಂಖ್ಯೆಯನ್ನು ಈಗಿನ ಷೇರುಗಳಿಗೆ ಕೂಡಿಸಿ, ಕಂಪನಿ ಮುಟ್ಟುತ್ತೇನೆ ಎನ್ನುತ್ತಿರುವ ಲಾಭವನ್ನು ಆ ಮೊತ್ತದಿಂದ ಭಾಗಿಸಿ. ಅಂಕಿಗಳನ್ನು ಇಲ್ಲಿ ಹಾಕಿದರೆ ನಾನೂ ಒಮ್ಮೆ ನೋಡ್ತೀನಿ.